ಯಾವ ಕಡೆ ಮೇಲೆ

ಫಾರಮ್ಮಿನಲ್ಲಿ ಇರುವುದು ಎರಡೇ ಚೌಕ:
ಪಾತ್ರೆ. ಶಿಲ್ಪ.
ಯಾವುದಾದರೊಂದಕ್ಕೆ ಗುರುತು ಬೀಳದೆ
ವಿಮೆಯವರು ಮುಂದಕ್ಕೆ ಬಿಡುವುದಿಲ್ಲ.

ತೊಕೊನಾಮೆಯ ಈ ಗೋದಾಮಿನಲ್ಲಿ
ಮೂವತ್ತೊಂದು ವರ್ಷದಿಂದ ಮಣ್ಣು ಕಟ್ಟುವವನು ನಾನು.
ಅಂದರೆ, ಸುಟ್ಟ ಮಣ್ಣನ್ನು
ಕಾಗದ, ಅರಳೆ, ಹಲಗೆಯಲ್ಲಿ ಸುತ್ತಿ
ಬಂದರಿಗೆ ಕಳಿಸುವವನು.
ಅಪ್ಪ ಕಟ್ಟುತ್ತಿದ್ದದ್ದು ಚರಂಡಿಯ ಕೊಳವೆ,
ಹುಲ್ಲಿನ ಹಗ್ಗದಲ್ಲಿ, ಹನ್ನೆರಡರ ಕಟ್ಟು.
ಸೊಟ್ಟಗೆ ಬೆಂದವು ಗುಡ್ಡದ ಗೋಡೆಗೆ ಹೋಗುತ್ತಿದ್ದವು;
ಆ ಗೋಡೆಗಳ ನಡುವೆಯೇ
ಇವತ್ತಿಗೂ ನಾವು ಹತ್ತಿ ಇಳಿಯುವುದು.

ಕೊಳವೆಗೆ ಎರಡು ಬಾಯಿ, ತಳವಿಲ್ಲ.
ಹೂಜಿಗೆ ಒಂದು ಬಾಯಿ, ಒಂದು ತಳ.
ಚಿಗುಸಾ ಇಸೊಗಾಯಿ ಇವತ್ತು ತಂದಿಳಿಸಿದ್ದಕ್ಕೆ
ಬಾಯಿಯೂ ಇಲ್ಲ, ತಳವೂ ಇಲ್ಲ.
ಮೊಣಕಾಲು ಮಡಚಿ ಮಲಗಿದ್ದ ಯಾವುದೋ ಪ್ರಾಣಿ
ಎದ್ದುಹೋದ ಮೇಲೆ
ಹಾಸಿಗೆಯಲ್ಲಿ ಒಂದು ತಗ್ಗು ಉಳಿಯುತ್ತದಲ್ಲ,
ಆ ತಗ್ಗೇ ಉಬ್ಬಿ ನಿಂತ ಹಾಗೆ.
ಬಣ್ಣ, ಮಳೆಗೆ ಮುಂಚಿನ ಇಸೆ ಕೊಲ್ಲಿಯದು.
ಒಂದು ಪಕ್ಕ ಮಾತ್ರ ಸೀದ ಅನ್ನದ ಕಂದು.

ಯಾವ ಕಡೆ ಮೇಲೆ, ಕೇಳಿದೆ.
ಪೆಟ್ಟಿಗೆಯ ಮೇಲೆ ಬಾಣ ಬರೆಯಬೇಕಲ್ಲ.
ಅವಳು ಕತ್ತು ವಾಲಿಸಿ
ಬೇರೆ ಯಾರೋ ಮಾಡಿದ್ದನ್ನು ನೋಡುವವಳಂತೆ ನೋಡಿ
"ನಿನ್ನೆ ಇದು," ಎಂದು ಕಂದು ಪಕ್ಕವನ್ನು ತೋರಿಸಿದಳು.
"ಇವತ್ತು ಗೊತ್ತಿಲ್ಲ."

ನನಗೆ ಕಲೆ ತಿಳಿಯದು. ಹಿಡಿತ ತಿಳಿಯುತ್ತದೆ.
ಗಡಿಗೆ, ನೆಂಟರ ಮನೆಯ ಕೂಸಿನಂತೆ
ಕರೆದರೆ ಕೈಗೆ ಬರುತ್ತದೆ:
ಕಂಠ ಇಲ್ಲಿ, ಹೊಟ್ಟೆ ಇಲ್ಲಿ,
ಒಂದು ಕೈ ಒಳಗೆ, ಇನ್ನೊಂದು ಬುಡಕ್ಕೆ.
ಶಿಲ್ಪ ಹಾಗಲ್ಲ. ಕಣ್ಣಿಗೆಂದೇ ನಿಂತದ್ದು,
ಮುಟ್ಟಿದರೆ ಮುಖ ತಿರುಗಿಸುತ್ತದೆ.
ಇದು?
ಹದಿನಾಲ್ಕು ಕಿಲೋ. ತೋಳು ಚಾಚಿದೆ.
ಎಲ್ಲಿ ಹಿಡಿದರೂ ಅಲ್ಲೊಂದು ಸೊಂಟ ಸಿಕ್ಕಿತು.

ಎತ್ತಿದ್ದೇ, ಒಳಗೆ ಏನೋ ಉರುಳಿತು.
ಎದೆ ಧಸಕ್ಕೆಂದಿತು.
ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ;
ಆ ದೊಣ್ಣೆ ನಾನೇ ಆಗಿಬಿಟ್ಟೆನೆ?
ಚಿಗುಸಾ ನಕ್ಕಳು. ಒಡೆದದ್ದಲ್ಲ,
ಮುಚ್ಚುವಾಗ ಒಳಗೆ ಬಿದ್ದ ಮಣ್ಣಿನ ಚೂರಂತೆ.
ಆವಿಗೆಯಲ್ಲಿ ಅದೂ ಬೆಂದಿದೆ.
"ತೆಗೆಯೋಣವೆಂದರೆ ಬಾಯಿ ಎಲ್ಲಿದೆ?"

ಆಮೇಲೆ ನನ್ನ ಹೆಬ್ಬೆರಳು ಹಿಡಿದು
ಅಡಿಯ ಒಂದು ಮಡಿಕೆಗೆ ಒಯ್ದಳು
(ಮಡಿಕೆ ಅಂದರೆ ನೆರಿಗೆ; ಇನ್ನೊಂದು ಅರ್ಥವೂ ಉಂಟು,
ಅದನ್ನು ಆಕೆ ಒಪ್ಪುತ್ತಾಳೋ ಕಾಣೆ).
ಅಲ್ಲಿ ಸೂಜಿಮೊನೆಯಷ್ಟು ತೂತು.
ಅದಿಲ್ಲದಿದ್ದರೆ ಬೆಂಕಿಗೆ ಒಳಗಿನ ಗಾಳಿ ಹಿಗ್ಗಿ
ಪಕ್ಕದ ಆರು ತಿಂಗಳ ಕೆಲಸವನ್ನೂ ಸಿಡಿಸುತ್ತಿತ್ತು.
ಬೆರಳು ಅಲ್ಲೇ ಇಟ್ಟುಕೊಂಡೆ, ಸ್ವಲ್ಪ ಹೊತ್ತು,
ನಾಡಿ ನೋಡುವವನ ಹಾಗೆ.

ಹೋದ ವರ್ಷ ಇಂಥದ್ದೇ ಒಂದು
ಬೆಂಕಿಯಲ್ಲಿ ಕುಸಿದು ಬಾಯಿ ಬಿಟ್ಟಿತ್ತು.
ಸೊಬಾ ಅಂಗಡಿಯ ಹಾತ್ಸುನೊ ಅಜ್ಜಿ
ಅದನ್ನು ಕೇಳಿ ಪಡೆದು ಬಾಗಿಲ ಬಳಿ ಇಟ್ಟಿದ್ದಾಳೆ.
ಒದ್ದೆ ಕೊಡೆಗಳು ಅದರಲ್ಲಿ ನೀರಿಳಿಸಿಕೊಳ್ಳುತ್ತವೆ.
ನಗೋಯಾದ ಗ್ಯಾಲರಿಯವನೊಬ್ಬ ಬೆಲೆ ಕೇಳಿದಾಗ
ಕೊಡೆಗಳ ಕಡೆ ತೋರಿಸಿ
ಕೊಡೆ ಅಂದಳಂತೆ.

ಫಾರಮ್ಮು ಇನ್ನೂ ಮೇಜಿನ ಮೇಲೆ.
ಚೌಕಗಳ ಕೆಳಗೆ ಇನ್ನೊಂದು ಸಾಲು,
ಯಾರೂ ತುಂಬದ ಸಾಲು: ಒಳಗೆ ಏನಿದೆ?
ಬರೆದೆ: ಚೂರು ಒಂದು, ಸಡಿಲ.
ಬರೆದ ಮೇಲೆ ಪಾತ್ರೆ ಎಂಬಲ್ಲಿ ಗುರುತು ಹಾಕದೆ
ಬೇರೆ ದಾರಿಯಿರಲಿಲ್ಲ.
ಚಿಗುಸಾ ಓದಿದಳು. ಏನೂ ಅನ್ನಲಿಲ್ಲ.
ಟೀ ತಣ್ಣಗಾಗಿತ್ತು, ಕುಡಿದಳು.

ಅರಳೆಯೊಳಕ್ಕೆ ಮೆಲ್ಲಗೆ ಇಳಿಸುತ್ತ ಕಿವಿ ಕೊಟ್ಟೆ.
ಚೂರು ಉರುಳಿತು, ತಡೆಯಿತು, ಮತ್ತೆ ಉರುಳಿ
ಒಂದು ಕಡೆ ಕೂತಿತು.
ಅದಕ್ಕೆ ಎದುರುಬದುರಾಗಿ
ಹಲಗೆಯ ಮೇಲೆ ಕೆಂಪು ಬಾಣ ಬರೆದೆ.

ರಾಟರ್‌ಡ್ಯಾಮಿಗೆ ಹೋಗುವ ಪೆಟ್ಟಿಗೆ.
ಕೊಳವೆಗೋಡೆಯ ಇಳಿಜಾರಿನಲ್ಲಿ
ಲಾರಿ ಗಕ್ಕನೆ ತಿರುಗಿತು, ನೋಡುತ್ತಿದ್ದೆ.
ಚೂರು ಈಗ ಎಲ್ಲಿದೆಯೋ.
ಬಾಣ ಮಾತ್ರ ಬರೆದಲ್ಲೇ ಇದೆ.